ಮರಿ ದೊಡ್ಡವಾಗಲಿ

ಹೊಸ ನೈಲಾನ್ ಬಲೆಗೆ ಅದರದೇ ಒಂದು ವಾಸನೆಯಿದೆ. ಹೊಸ ಕೊಡೆ ಬಿಚ್ಚಿದಾಗ ಬರುತ್ತದಲ್ಲ, ಅದಕ್ಕೆ ಹತ್ತಿರದ್ದು. ಮೊನ್ನೆ, ಬ್ಯಾಂಕಿಗೆ ರಜೆಯಿದ್ದ ಶನಿವಾರ, ಕೊಚ್ಚಿಯ ಎಡಪ್ಪಳ್ಳಿಯಲ್ಲಿರುವ ನಮ್ಮ ಫ್ಲ್ಯಾಟಿನ ಬಾಲ್ಕನಿಗೆ ಪಾರಿವಾಳ ಬಾರದಂತೆ ಬಲೆ ಕಟ್ಟುವವರು ಬಂದಿದ್ದರು. ಅವರು ಸುರುಳಿಯ ಮೇಲಿನ ಪ್ಲಾಸ್ಟಿಕ್ ಹರಿದದ್ದೇ ತಡ, ಆ ವಾಸನೆ ಅಡುಗೆಮನೆಯವರೆಗೂ ಬಂತು. ಒಗ್ಗರಣೆಗೆ ಸಾಸಿವೆ ಹಾಕಿದ್ದ ನಾನು, ಅದು ಸಿಡಿದು, ಕಪ್ಪಾಗಿ, ಸೀದು ಹೋಗುವವರೆಗೂ ಸೌಟು ಹಿಡಿದುಕೊಂಡು ನಿಂತೇ ಇದ್ದೆ.

ಆ ಬಾಲ್ಕನಿಯ ಕೋಣೆಯನ್ನು ನಾವು ಅತ್ತೆಗೆಂದು ಸಿದ್ಧ ಮಾಡುತ್ತಿದ್ದೆವು. ಅತ್ತೆ ಇರುವುದು ತಿರುವನಂತಪುರದಲ್ಲಿ. ಕಳೆದ ತಿಂಗಳು ಅಲ್ಲಿ ಬೀದಿನಾಯಿಯೊಂದನ್ನು ಅಟ್ಟಿಸಿಕೊಂಡು ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿಯ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಪುಣ್ಯಕ್ಕೆ ಮೂಳೆಗೇನೂ ಆಗಲಿಲ್ಲ. ಮಂಡಿ ಮಾತ್ರ ಕುಂಬಳಕಾಯಿಯಾಯಿತು. ಅವತ್ತಿನಿಂದ ನಮ್ಮ ಯಜಮಾನರದು ಒಂದೇ ಹಟ. "ಸಾಕು, ಅಮ್ಮನ್ನ ಇಲ್ಲಿಗೇ ಕರ್ಕೊಂಡು ಬಂದ್ಬಿಡೋಣ. ಲಿಫ್ಟ್ ಇದೆ, ಗ್ರಿಲ್ ಇದೆ, ಕೆಳಗೆ ಸೆಕ್ಯೂರಿಟಿ ಇದೆ. ಅಲ್ಲಿ ಕೋಳಿ ಹಿಂದೆ ಓಡಾಡ್ಕೊಂಡು ಇನ್ನೊಂದ್ಸಲ ಬಿದ್ರೆ ಯಾರು ಗತಿ?" ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಮುಂದಿನ ವಾರದ ಭಾನುವಾರ ಹೋಗಿ ಕರೆತರುವುದೆಂದು ಇಬ್ಬರೂ ತೀರ್ಮಾನಿಸಿದೆವು. ಅತ್ತೆಗೆ ಇನ್ನೂ ತಿಳಿಸಿರಲಿಲ್ಲ. ತಿಳಿಸುವ ಕೆಲಸ, ಇಂಥ ಕೆಲಸಗಳೆಲ್ಲ ಬೀಳುವ ಹಾಗೆ, ನನ್ನ ತಲೆಯ ಮೇಲೆ ಬಿದ್ದಿತ್ತು.

ಅತ್ತೆಗೂ ಕೋಳಿಗೂ ಏನು ಸಂಬಂಧ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಂಜನಗೂಡಿನ ಕಡೆಯ ನಮ್ಮ ಮನೆಯಲ್ಲಿ ಕೇಕು ತಿನ್ನಬೇಕಾದರೂ ಮೊಟ್ಟೆ ಹಾಕಿದ್ದಾರೆಯೇ ಎಂದು ವಿಚಾರಿಸಿಯೇ ತಿನ್ನುವುದು. ಅಂಥ ಮನೆಯ ಹೆಂಗಸು ಕೋಲು ಹಿಡಿದು ಕೋಳಿ ಕಾಯುವಂತಾದದ್ದು ಹೇಗೆಂದರೆ, ಅದಕ್ಕೂ ಈ ಬಲೆಯ ವಾಸನೆಯೇ ಮೊದಲು.

ಬ್ಯಾಂಕಿನವರು ನನ್ನನ್ನು ತಿರುವನಂತಪುರಕ್ಕೆ ಎತ್ತಿಹಾಕಿದ ವರ್ಷ. ಯಜಮಾನರು ಕೇಂದ್ರ ಸರ್ಕಾರದ ಲೆಕ್ಕಪತ್ರ ಕಚೇರಿಯಲ್ಲಿದ್ದವರು, ಹೇಗೋ ಅಲ್ಲಿಗೇ ವರ್ಗ ಮಾಡಿಸಿಕೊಂಡರು. ಮನೆ ಹುಡುಕುವುದು ನನ್ನ ಪಾಲಿಗೆ ಬಂತು. ಯಾರೋ ಹೇಳಿದರೆಂದು ಚಾಲೈ ಪೇಟೆಯಲ್ಲಿ ಹಗ್ಗ, ಬಲೆ, ಬುಟ್ಟಿ ಮಾರುವ ತಂಗಮ್ಮ ಚೇಚಿಯ ಅಂಗಡಿಗೆ ಹೋದೆ. ಚೇಚಿ ಎಂದರೆ ಅಕ್ಕ. ಅವರ ಕಾಂಪೌಂಡಿನಲ್ಲಿ ಹಿಂದುಗಡೆಯ ಚಿಕ್ಕ ಮನೆ ಖಾಲಿಯಿತ್ತು. ಇದೇ ವಾಸನೆಯ ಬಲೆಯ ಸುರುಳಿಗಳ ನಡುವೆ ರಾಣಿಯ ಹಾಗೆ ಕೂತಿದ್ದ ಆಕೆ, ನಾವು ಸಸ್ಯಾಹಾರಿಗಳೆಂದು ಕೇಳಿದ್ದೇ ಸ್ಟೂಲು ಬಿಟ್ಟು ಎದ್ದರು.

"ಕೋಳಿ ತಿನ್ನೋದೇ ಇಲ್ವಾ? ಮೊಟ್ಟೆ?"

"ಮೊಟ್ಟೆಯೂ ಇಲ್ಲ, ಚೇಚಿ."

"ಹಾಗಾದ್ರೆ ಮನೆ ನಿಮಗೇ."

ನಮ್ಮ ಮಾತು ನಡೆದದ್ದು ಮಲಯಾಳಂನಲ್ಲಿ. ನನ್ನ ಮಲಯಾಳಂ ಆಗ ಎಷ್ಟು ಕುಂಟುತ್ತಿತ್ತೆಂಬುದನ್ನು ಮುಚ್ಚಿಡಲು ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತಿದ್ದೇನೆ. ಮಾಂಸ ತಿನ್ನುವುದಿಲ್ಲವೆಂಬ ಕಾರಣಕ್ಕೆ ಕೇರಳದಲ್ಲಿ ಮನೆ ಸಿಕ್ಕಿದವರು ನಾವೇ ಇರಬೇಕು. ಕಾರಣ ಇಷ್ಟೇ: ಚೇಚಿಯ ಹಿತ್ತಲಿನಲ್ಲಿ ನಾಟಿ ಕೋಳಿಗಳು ಹಗಲೆಲ್ಲ ಬಿಡುಬೀಸಾಗಿ ಮೇಯುತ್ತಿದ್ದವು. ಆಗಾಗ ಒಂದೊಂದು ಮಾಯವಾಗುತ್ತಿತ್ತು. ಮುಂಚಿನ ಬಾಡಿಗೆದಾರರ ಅಡುಗೆಮನೆಯಿಂದ ಅದೇ ಹೊತ್ತಿಗೆ ಮಸಾಲೆಯ ಪರಿಮಳ ಬರುತ್ತಿತ್ತಂತೆ. "ಅವರು ಒಳ್ಳೆಯವರೇ. ಅನುಮಾನಪಟ್ಟರೆ ಪಾಪ, ಪಡದೆ ಇರೋಕೂ ಆಗಲ್ಲ" ಎಂದರು ಚೇಚಿ. ನಮ್ಮಿಂದ ಆ ತಾಪತ್ರಯವಿಲ್ಲವಲ್ಲ ಎಂದು ಅವರಿಗೆ ಎದೆ ಹಗುರಾಗಿತ್ತು.

ಅತ್ತೆ ಮನೆಗೆ ಕಾಲಿಟ್ಟ ದಿನವೇ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಏನಮ್ಮಾ ಇದು, ಕಾಲಿಡಕ್ಕೂ ಜಾಗ ಇಲ್ಲ. ನೀನು ಕಟ್ಟಿಸಿದ ತುಳಸಿ ಕಟ್ಟೆ ಮೇಲೂ ಹತ್ತಿ ಕೂತಿದಾವಲ್ಲ!" ಎಂದು ಗೊಣಗಿದರು. ಆ ಸಿಟ್ಟಿನ ಹಿಂದೆ ಕೋಳಿಗಿಂತ ದೊಡ್ಡ ಸಂಕಟವಿತ್ತು. ನನಗದು ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ನಾನು, ಯಜಮಾನರು ಕೆಲಸಕ್ಕೆ, ಮಗಳು ಇಳಾ ಶಾಲೆಗೆ ಹೋದಮೇಲೆ ಅವರಿಗೆ ಮಾತಾಡಲು ಒಂದು ನರಪಿಳ್ಳೆಯಿಲ್ಲ. ಬೀದಿಯಲ್ಲಿ ಹೋಗುವವರ ಭಾಷೆ ತಿಳಿಯದು. ಇಳಾ ಸಂಜೆ ಬಂದರೆ ಅಜ್ಜಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳಂನಲ್ಲಿ ಬರುತ್ತಿತ್ತು. ನಂಜನಗೂಡಿನಲ್ಲಿ ಬೀದಿಯ ಅರ್ಧ ಜಗಳ ಬಿಡಿಸುತ್ತಿದ್ದ ಹೆಂಗಸು ಇಲ್ಲಿ ಗೇಟಿನಾಚೆ ಹೆಜ್ಜೆ ಇಡುತ್ತಿರಲಿಲ್ಲ. ಹಿಂದಿನ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು, ಕಲ್ಲಿಲ್ಲದ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತಿರುತ್ತಿದ್ದರು.

ಕೂತಲ್ಲಿ ಕಣ್ಣಿಗೆ ಬೀಳುವುದು ಕೋಳಿಗಳೇ ತಾನೆ? ನೋಡುತ್ತ ನೋಡುತ್ತ ಅವುಗಳ ಸಂಸಾರವೆಲ್ಲ ಅವರಿಗೆ ಗೊತ್ತಾಯಿತು. ಹುಂಜನಿಗೆ ಹೆಚ್ಚು ಸಲಿಗೆ ಯಾರ ಮೇಲೆ, ಯಾವಳು ಇನ್ನೊಬ್ಬಳ ಗೂಡಿನಲ್ಲಿ ಮೊಟ್ಟೆಯಿಟ್ಟು ಬರುತ್ತಾಳೆ, ಎಲ್ಲ ರಾತ್ರಿ ಊಟಕ್ಕೆ ಕೂತಾಗ ನಮಗೆ ವರದಿ. ಚೇಚಿ 'ಕರುಂಬಿ' ಎಂದು ಕರೆಯುತ್ತಿದ್ದ ಕಪ್ಪು ಹೇಂಟೆಗೆ ಅತ್ತೆ ಕರಿಯಮ್ಮ ಎಂದು ಹೆಸರಿಟ್ಟರು. ಕರಿಯಮ್ಮ ಮರಿ ಮಾಡಿದಳು. ಮರಿಗಳನ್ನು ಕರೆದುಕೊಂಡು ಹಿತ್ತಲಿಗೆ ಇಳಿದಳು. ಕಷ್ಟ ಶುರುವಾದದ್ದು ಅಲ್ಲಿಂದ.

ಮರಿಗಳು ಕಡಿಮೆಯಾಗತೊಡಗಿದವು. ಚೇಚಿಯ ಪ್ರಕಾರ ಕಳ್ಳ ಮೇಲಿನಿಂದ ಬರುವವನು. ಆ ಕಡೆಯ ಆಕಾಶದಲ್ಲಿ ಹದ್ದುಗಳಿಗೆ ಬರವಿಲ್ಲ, ಅದರಲ್ಲೂ ಬಿಳಿ ಎದೆ, ಕೆಂಪು ರೆಕ್ಕೆಯದು. ನಾವು ಗರುಡ ಎನ್ನುತ್ತೇವಲ್ಲ, ಅದು. ಚೇಚಿ ಅಂಗಡಿಯಿಂದ ಹೊಸ ಬಲೆ ತಂದು ಹಲಸಿನ ಮರದಿಂದ ನುಗ್ಗೆ ಮರಕ್ಕೆ ಚಪ್ಪರದ ಹಾಗೆ ಬಿಗಿದರು. ಬಿಸಿಲಿಗೆ ಮಿನುಗಲೆಂದು ಹಳೆಯ ಸೀಡಿಗಳನ್ನು ದಾರದಲ್ಲಿ ಕಟ್ಟಿ ತೂಗುಬಿಟ್ಟರು. ಆದರೂ ಬಲೆಯ ಆಚೆ ಬಯಲಿತ್ತು, ಕೋಳಿಗಳು ಬಯಲಿಗೆ ಹೋಗುತ್ತಿದ್ದವು. ಗರುಡ ಕಂಡರೆ ಚೇಚಿ ಕಲ್ಲು ಬೀಸುತ್ತಿದ್ದರು. ಅದೇ ಗರುಡ ಕಂಡರೆ ನಮ್ಮ ಅತ್ತೆ ಎರಡೂ ಕೆನ್ನೆ ತಟ್ಟಿಕೊಂಡು ಕೈಮುಗಿಯುತ್ತಿದ್ದರು. ಒಂದೇ ಹಿತ್ತಲಿನಲ್ಲಿ ಒಬ್ಬರು ಕಲ್ಲು, ಒಬ್ಬರು ನಮಸ್ಕಾರ. ಪಕ್ಷಿಗೂ ಗಲಿಬಿಲಿಯಾಗಿರಬೇಕು.

ನೆರೆಯವರು ಕೋಳಿಗಳನ್ನು ತಂತಿಯ ಗೂಡಿನಲ್ಲಿ ಕೂಡಿಹಾಕಿ ನೆಮ್ಮದಿಯಾಗಿದ್ದರು. ಚೇಚಿಗೆ ಅದು ಸೇರದು. "ಕೆದಕದ ಕೋಳಿ ಬದುಕಿದ್ದೂ ಏನು ಬಂತು?" ಎನ್ನುತ್ತಿದ್ದರು. ಆದರೆ ದಿನವೂ ಅಂಗಡಿಯಿಂದ ಬಂದು, ಬ್ಯಾಗು ಇಳಿಸುವ ಮೊದಲೇ ಮರಿ ಎಣಿಸಿ, ಮುಖ ಸಣ್ಣ ಮಾಡಿಕೊಳ್ಳುವುದು ಎಷ್ಟು ದಿನ ನಡೆದೀತು? ಒಂದು ಸಂಜೆ ನನ್ನ ಹತ್ತಿರ ಹೇಳಿಯೇಬಿಟ್ಟರು: "ಇನ್ನೊಂದು ಹೋದರೆ ಎಲ್ಲವನ್ನೂ ಕೋಳಿ ವ್ಯಾಪಾರಿಗೆ ಕೊಟ್ಟುಬಿಡ್ತೀನಿ. ನನ್ನ ಕೈಲಿ ಆಗಲ್ಲ."

ಅತ್ತೆಗೆ ನಾನು ಅದನ್ನು ಹೇಳಿದಾಗ ಅವರು ತಲೆಯೆತ್ತದೆ ಅಕ್ಕಿ ಆರಿಸುತ್ತಿದ್ದರು. "ಪಾಪ, ಒಳ್ಳೇದಾಗತ್ತೆ ಅನ್ನು. ಈಗ ಈ ಮನೆಗೆ ಒಳ್ಳೇ ದೆಸೆ ಬಂದಿದೆ" ಎಂದರು. ಏನು ದೆಸೆಯೆಂದು ಕೇಳಿದ್ದಕ್ಕೆ ದನಿ ತಗ್ಗಿಸಿದರು. "ಮುಂಗುಸಿ ಬರತ್ತೆ ಕಣೇ. ದಿನಾ ಬೆಳಿಗ್ಗೆ ದರ್ಶನ. ಅದರ ಮುಖ ನೋಡಿದ್ಮೇಲೇ ಅಲ್ವೇ ಇವನಿಗೆ ಪ್ರಮೋಷನ್ ಆರ್ಡರ್ ಬಂದಿದ್ದು?"

ನಮ್ಮ ಕಡೆ ಮುಂಗುಸಿ ಕಂಡರೆ ಶುಭ. ಹೊರಟ ಕೆಲಸ ಆಗುತ್ತದೆ. ಮೇಲಾಗಿ ಮುಂಗುಸಿ ಓಡಾಡುವ ಕಡೆ ಹಾವು ಸುಳಿಯುವುದಿಲ್ಲ, ಮತ್ತು ಅತ್ತೆಗೆ ಆ ಹಿತ್ತಲಿನ ಗಿಡಗಂಟೆ ನೋಡಿ ಹಾವಿನ ಹೆದರಿಕೆ ಇದ್ದೇ ಇತ್ತು. ನಾನು ನಕ್ಕು, "ಹಾಗಾದ್ರೆ ನನ್ನ ಪ್ರಮೋಷನ್ನಿಗೂ ಸ್ವಲ್ಪ ದರ್ಶನ ಮಾಡಿ" ಎಂದೆ. ಮುಂಗುಸಿಗೆ ಕೋಳಿಮರಿ ಎಂದರೆ ಪಂಚಪ್ರಾಣ ಎಂಬುದು, ನೀವು ನಗಬೇಡಿ, ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕೋಳಿ ಸಾಕಿದವರ ಮನೆಯಲ್ಲಿ ಹುಟ್ಟಿದ್ದರೆ ತಾನೆ ಹೊಳೆಯುವುದು? ನಮ್ಮ ಪಾಲಿಗೆ ಅದು ಹಾವನ್ನು ಮಾತ್ರ ತಿನ್ನುವ ಸಜ್ಜನ ಪ್ರಾಣಿ.

ಒಂದು ರಜೆಯ ದಿನ, ಬಿಸಿಲು ಏರುವ ಹೊತ್ತು, ನಾನು ಕಲ್ಲಿನ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಅತ್ತೆ ಮೆಟ್ಟಿಲ ಮೇಲೆ. ಇದ್ದಕ್ಕಿದ್ದಂತೆ ಕರಿಯಮ್ಮ ಕಿರುಚಿದ್ದು ಇವತ್ತಿಗೂ ಕಿವಿಯಲ್ಲಿದೆ. ಇಬ್ಬರೂ ಮೊದಲು ನೋಡಿದ್ದು ಆಕಾಶವನ್ನೇ, ಅಲ್ಲೇನೂ ಇರಲಿಲ್ಲ. ನೆಲದಲ್ಲಿ, ಮರಗೆಣಸಿನ ಗಿಡದ ಬುಡದಲ್ಲಿ, ಅತ್ತೆಯ ದೇವರು ಮರಿಯೊಂದರ ಕುತ್ತಿಗೆ ಕಚ್ಚಿ ನಿಂತಿತ್ತು. ಕರಿಯಮ್ಮ ರೆಕ್ಕೆ ಕೆದರಿಕೊಂಡು ಅದರ ಮೇಲೆ ಬಿದ್ದಳು. ಅದು ಮರಿಯನ್ನು ಬಿಟ್ಟು ಅವಳ ಕಾಲಿಗೆ ಬಾಯಿ ಹಾಕಿತು. ಅತ್ತೆ "ಹೂಯ್!" ಎಂದು ಒಂದು ಕೂಗು ಹಾಕಿದರು ನೋಡಿ, ಆ ಗಂಟಲಿನಲ್ಲಿ ಅಷ್ಟು ಶಕ್ತಿಯಿದೆಯೆಂದು ಅವರ ಮಗನಿಗೂ ಗೊತ್ತಿರಲಾರದು. ಕೂಗಿನ ಹಿಂದೆಯೇ ಅಕ್ಕಿ ಸಮೇತ ಮೊರ ಹಾರಿತು. ಮುಂಗುಸಿ ಕರಿಯಮ್ಮನನ್ನು ಬಿಟ್ಟಿತು, ಸತ್ತ ಮರಿಯನ್ನು ಬಿಡಲಿಲ್ಲ. ಅದನ್ನು ಮತ್ತೆ ಕಚ್ಚಿಕೊಂಡು ಕಾಂಪೌಂಡಿನ ಮೂಲೆಗೆ ಓಡಿ, ನೀರು ಹೋಗುವ ಕಂಡಿಯಲ್ಲಿ ನುಸುಳಿ ಹೋಯಿತು.

ಆ ಕಂಡಿಗೆ ಚೇಚಿ ಒಂದು ಕಲ್ಲು ಒತ್ತಿಟ್ಟಿದ್ದು ನಾನು ನೋಡಿದ್ದೆ. ಈಗ ಕಲ್ಲು ಪಕ್ಕದಲ್ಲಿತ್ತು. ಅದರ ಹತ್ತಿರ ಒಂದು ತೆಂಗಿನ ಚಿಪ್ಪು, ಚಿಪ್ಪಿನಲ್ಲಿ ಒಂದಿಷ್ಟು ಹಾಲು.

"ಅತ್ತೆ?" ಎಂದೆ.

ಅವರು ಅಲ್ಲೇ ನೆಲದ ಮೇಲೆ ಕುಸಿದು ಕೂತರು. "ಬರಕ್ಕೆ ದಾರಿ ಇಲ್ವಲ್ಲಾ ಅಂತ ನಾನೇ ಸರಿಸಿದೆ ಕಣೇ. ಕೈಯಾರೆ ಕರೆದು ಕೊಟ್ಟೆ ಮರಿಗಳನ್ನ. ಅಯ್ಯೋ, ನನ್ನ ಕೈ ಸೇದಿಹೋಗ."

ಸಂಜೆ ಚೇಚಿ ಅಂಗಡಿಯಿಂದ ಬಂದಾಗ ಅತ್ತೆ ಮೊದಲ ಸಲ ಅವರ ಬಾಗಿಲಿಗೆ ಹೋದರು. ಒಂದು ಕೈಯಲ್ಲಿ ಕಲ್ಲು, ಇನ್ನೊಂದರಲ್ಲಿ ಚಿಪ್ಪು. ಭಾಷಾಂತರಕ್ಕೆಂದು ನಾನೂ ಹಿಂದೆ ಹೋದೆ. ಅತ್ತೆ ಕನ್ನಡದಲ್ಲೇ ಹೇಳಿದರು: "ತಂಗಮ್ಮನವ್ರೇ, ಕಲ್ಲು ತೆಗೆದೋಳು ನಾನು. ಹಾಲಿಟ್ಟೋಳೂ ನಾನೇ. ನಮ್ಮ ಕಡೆ ಅದು ಶುಭ. ನಂಗೆ ಗೊತ್ತಾಗ್ಲಿಲ್ಲ." ನಾನು ಬಾಯಿ ತೆರೆಯುವಷ್ಟರಲ್ಲಿ ಚೇಚಿ ಬೇಡವೆಂದು ಕೈಯೆತ್ತಿದರು. ಚಿಪ್ಪು ನೋಡಿದರು, ಕಲ್ಲು ನೋಡಿದರು. "ಕೀರಿಗೆ ಹಾಲಾ?" ಎಂದರು. ಕೀರಿ ಎಂದರೆ ಮುಂಗುಸಿ. ಆಮೇಲೆ ನಗಲು ಶುರುಮಾಡಿದರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಆ ಕಣ್ಣೀರೆಲ್ಲ ನಗುವಿನದಾಗಿರಲಿಲ್ಲ. "ಸಾರಮಿಲ್ಲ, ಅಮ್ಮಾ" ಎಂದರು. ಪರವಾಗಿಲ್ಲ ಎಂದು ಅರ್ಥ. ನನ್ನ ಕಡೆ ತಿರುಗಿ, ವ್ಯಾಪಾರಿಗೆ ಹೇಳಿ ಕಳಿಸುತ್ತೇನೆ, ಎಲ್ಲ ಒಯ್ಯಲಿ, ಎಂದರು.

ಅದನ್ನು ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಅತ್ತೆ ತಲೆಯಾಡಿಸಿದರು. "ಕೂಡದು. ಹೇಳು ಅವರಿಗೆ, ಹಗಲೆಲ್ಲ ನಾನಿರ್ತೀನಿ. ನನಗೇನು ಕೆಲಸ ಇದೆ ಇಲ್ಲಿ?"

ಕಂಡಿಗೆ ಚೇಚಿ ಸಣ್ಣ ಕಣ್ಣಿನ ತಂತಿಬಲೆ ಹೊಡೆಸಿದರು, ನೀರು ಹೋಗಬೇಕು, ಕೀರಿ ಬರಬಾರದು. ಗೋಡೆಯುದ್ದಕ್ಕೂ ತಂತಿಯನ್ನು ನೆಲದೊಳಕ್ಕೆ ಇಳಿಸಿ ಮಣ್ಣು ಮುಚ್ಚಿದೆವು, ಏಕೆಂದರೆ ಅದು ಕೆರೆದುಕೊಂಡೂ ಬರುತ್ತದಂತೆ. ಅವಿತುಕೊಳ್ಳಲು ಜಾಗವಾಗಿದ್ದ ಗಿಡಗಂಟೆ ಸವರಿಸಿದೆವು. ಎಳೆಯ ಮರಿಗಳಿಗೆ ಅತ್ತೆಯ ಸಲಹೆ ನಮ್ಮೂರಿನದು: ಬೆಳಿಗ್ಗೆ ಸ್ವಲ್ಪ ಹೊತ್ತು ದೊಡ್ಡ ಮಂಕರಿಯ ಕೆಳಗೆ, ಆಮೇಲೆ ತಾಯಿಯ ಜೊತೆ ಹೊರಗೆ. ಊರಿನಲ್ಲಿ ಎದುರು ಮನೆಯವರು ಹಾಗೆ ಬುಟ್ಟಿ ಕವುಚುವುದನ್ನು ಮೂಗು ಮುಚ್ಚಿಕೊಂಡೇ ನೋಡಿದ್ದರಂತೆ. ಬುಟ್ಟಿಗೇನು, ಚೇಚಿಯ ಅಂಗಡಿಯಲ್ಲಿ ರಾಶಿ ಇತ್ತು. ಇಷ್ಟೆಲ್ಲ ಮಾಡಿದ ಮೇಲೂ ಬೇಕಾದದ್ದು ಒಂದು ಜೊತೆ ಕಣ್ಣು. ಅದು ಅತ್ತೆಯದು. ಮೆಟ್ಟಿಲಿನಿಂದ ಎದ್ದು, ಕೋಲು ಹಿಡಿದು, ಹಿತ್ತಲೆಲ್ಲ ಸುತ್ತತೊಡಗಿದರು. ಕೋಳಿ ಗೋಡೆ ಹಾರಿದರೆ ಇವರು ಗೇಟು ದಾಟಿದರು. ಹಾಗೆ ದಾಟಿ ದಾಟಿ ಬೀದಿಯವರೆಲ್ಲ ಪರಿಚಯವಾದರು. ಅತ್ತೆ ಕಲಿತ ಮಲಯಾಳಂ ಏನೆಂದು ಕೇಳಿ: ಕೀರಿ, ಪರುಂದು, ಕಾಕ್ಕ, ಪಟ್ಟಿ. ಮುಂಗುಸಿ, ಹದ್ದು, ಕಾಗೆ, ನಾಯಿ. ಬರೀ ಶತ್ರುಗಳ ಹೆಸರು. ಅಷ್ಟರಲ್ಲೇ ಇಡೀ ಬೀದಿಯೊಂದಿಗೆ ಸಂಭಾಷಣೆ ನಡೆಯುತ್ತಿತ್ತು.

ಗರುಡನ ವಿಷಯದಲ್ಲಿ ಮಾತ್ರ ಅವರು ರಾಜಿ ಮಾಡಿಕೊಂಡರು. ನೆರಳು ಕಂಡರೆ ಮೊದಲು ಎರಡು ಕೆನ್ನೆ ತಟ್ಟಿಕೊಂಡು, ಆಮೇಲೆ "ಹೂಯ್, ಹೋಗಪ್ಪ ಅತ್ತ!" ಎನ್ನುವುದು. ಅಷ್ಟರಲ್ಲಿ ಹೊತ್ತುಕೊಂಡು ಹೋದರೆ ಎಂದು ನಾನು ಹೆದರಿಸಿದರೆ, "ಬೇಗ ತಟ್ಕೋತೀನಿ ಬಿಡೇ" ಎಂದರು.

ಆ ವರ್ಷ ಚೇಚಿಯ ಕ್ರಿಸ್‌ಮಸ್ ಅಡುಗೆಗೆ ಹುಂಜ ಹೋಗುತ್ತದೆಂದು ನನಗೆ ಖಾತ್ರಿಯಿತ್ತು, ಪ್ರತಿವರ್ಷ ಒಂದು ಹೋಗುತ್ತಿತ್ತಂತೆ. ಅತ್ತೆಗೂ ಗೊತ್ತಿತ್ತು. ಹಿಂದಿನ ದಿನ ಅವರು ಊಟವೇ ಮಾಡಲಿಲ್ಲ, "ಅವರದು, ಅವರಿಷ್ಟ" ಎಂದಷ್ಟೇ ಅಂದರು. ಬೆಳಿಗ್ಗೆ ನೋಡಿದರೆ ಚೇಚಿ ಪೇಟೆಯ ಕಡೆಯಿಂದ ಚೀಲದಲ್ಲಿ ಮಾಂಸ ತರುತ್ತಿದ್ದಾರೆ. ಹುಂಜ ತುಳಸಿ ಕಟ್ಟೆಯ ಮೇಲೆ ನಿಂತು ಕೂಗುತ್ತಿದೆ. "ಅಮ್ಮ ಕಾದದ್ದನ್ನ ನಾನು ಹೇಗೆ ಕೊಯ್ಯಲಿ?" ಎಂದು ಚೇಚಿ ನನ್ನನ್ನೇ ಗದರಿದರು, ನಾನೇನೋ ಕೊಯ್ಯಿರಿ ಎಂದ ಹಾಗೆ. ನನಗೆ ಅಲ್ಲೇ ಅಳು ಬಂತು. ಅತ್ತೆಗೆ ಹೇಳಿದೆ. ಅವರು ಒಳಗೆ ಹೋಗಿ ಒಂದು ಡಬ್ಬಿ ಪುಳಿಯೋಗರೆ ಕಲಸಿ ಕೊಟ್ಟುಕಳಿಸಿದರು.

ಆಮೇಲೆ ನನಗೆ ಆಲುವಕ್ಕೆ ವರ್ಗವಾಯಿತು, ಯಜಮಾನರಿಗೆ ಪಕ್ಕದ ಕೊಚ್ಚಿಗೆ. ಸಾಮಾನು ಕಟ್ಟುವಾಗ ಅತ್ತೆ ಹೇಳಿದರು: "ನೀವು ಹೋಗಿರಿ. ಈ ಮರಿ ದೊಡ್ಡವಾಗಲಿ, ಬರ್ತೀನಿ." ಸರಿ ಎಂದು ಬಂದೆವು. ಆ ಮರಿಗಳು ದೊಡ್ಡವಾದವು. ಅವು ಮೊಟ್ಟೆಯಿಟ್ಟವು. ಮೊಟ್ಟೆ ಮರಿಯಾದವು. ಕೋಳಿ ಸಾಕಿದವರಿಗೆ ಗೊತ್ತು, ಈ ಮಾತಿಗೆ ಕೊನೆಯಿಲ್ಲ. ಹಿಂದಿನ ಮನೆಯನ್ನು ನಾವು ಬಿಡಲೇ ಇಲ್ಲ. ಚೇಚಿ ರಾತ್ರಿ ಅಲ್ಲೇ ಬಂದು ಮಲಗುತ್ತಾರೆ, ಇಬ್ಬರೂ ಟೀವಿ ನೋಡುತ್ತಾರೆ. ನಂಟರು ಕೇಳಿದರೆ ನಾನು "ಅವರಿಗೆ ಆ ಹವಾ ಒಗ್ಗಿದೆ" ಎಂದು ಹಾರಿಸುತ್ತೇನೆ. ಸೊಸೆ ಅತ್ತೆಯನ್ನು ದೂರ ಇಟ್ಟಳು ಎಂದು ಆಡಿಕೊಳ್ಳುವವರಿಗೆ ಕೋಳಿಯ ಕಥೆ ಹೇಳಿದರೆ ನಂಬುತ್ತಾರೆಯೇ?

ಇಷ್ಟೆಲ್ಲ ಸೀದ ಸಾಸಿವೆಯ ಮುಂದೆ ನಿಂತು ನೆನೆಸಿಕೊಂಡೆ. ಕೋಣೆಗೆ ಹೋಗಿ ನೋಡಿದರೆ ಬಲೆ ಅರ್ಧ ಕಟ್ಟಿ ಆಗಿತ್ತು. ಮಂಚ, ಹೊಸ ಹಾಸಿಗೆ, ಕಿಟಕಿಗೆ ಗ್ರಿಲ್. ಬಲೆಯಾಚೆ ಎದುರು ಕಟ್ಟಡದ ನೀರಿನ ಟ್ಯಾಂಕು. ಬಾಲ್ಕನಿಯಲ್ಲಿ ಒಂದು ಕುರ್ಚಿ ಹಿಡಿಯುತ್ತದೆ, ಅತ್ತೆ ಅದರಲ್ಲಿ ಮೊರ ಇಟ್ಟುಕೊಂಡು ಕೂರಬಹುದು. ಮತ್ತೆ ಕಲ್ಲಿಲ್ಲದ ಅಕ್ಕಿ. ಹೇಗೂ ಹೇಳಲೇಬೇಕಲ್ಲ ಎಂದು ಫೋನ್ ಮಾಡಿದೆ.

"ಅತ್ತೆ, ಮಂಡಿ ಹೇಗಿದೆ?"

"ಮಂಡಿ ಬಿಡೇ, ಅದೆಲ್ಲಿ ಹೋಗತ್ತೆ. ಕೇಳಿಲ್ಲಿ, ಕರಿಯಮ್ಮನ ಮೊಮ್ಮಗಳು ಮರಿ ಮಾಡಿದಾಳೆ. ಇವತ್ತೇ ಹೊರಗೆ ಬಿಟ್ಟಿದೀನಿ."

"ಅತ್ತೆ, ಇವರು ಏನು ಅಂತಾರೆ ಅಂದ್ರೆ, ಮುಂದಿನ ವಾರ ಭಾನುವಾರ..."

"ಇರು ಇರು!"

ಫೋನನ್ನು ಕಟ್ಟೆಯ ಮೇಲೆ ಕುಕ್ಕಿದ ಸದ್ದು. ಕೋಳಿಗಳೆಲ್ಲ ಒಮ್ಮೆಲೇ ಮೌನ. ಆ ಮೌನದಲ್ಲಿ ಅತ್ತೆ ಕೆನ್ನೆ ತಟ್ಟಿಕೊಳ್ಳುತ್ತಿದ್ದಾರೆಂದು ನನಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಾಯಿತು. ಆಮೇಲೆ ಬಂತು ನೋಡಿ ಆ ಕೂಗು. "ಹೂಯ್! ಹೋಗಪ್ಪ ಅತ್ತ!" ಅದರ ಹಿಂದೆಯೇ ಚೇಚಿಯ ದನಿ, "ಅಮ್ಮಾ, ಓಡಬೇಡಿ!" ಎಂದು ಮಲಯಾಳಂನಲ್ಲಿ ಬೈಯುತ್ತ ಬರುವುದು. ಸ್ವಲ್ಪ ಹೊತ್ತಿಗೆ ಹೇಂಟೆಯ ಕೊಕ್ ಕೊಕ್, ಮರಿಗಳ ಚಿಂವ್ ಚಿಂವ್.

ಅತ್ತೆ ಮತ್ತೆ ಫೋನೆತ್ತಿಕೊಂಡರು. ಏದುಸಿರು ಬಿಡುತ್ತಿದ್ದರು. "ಹೋಯ್ತು. ಎಲ್ಲಾ ಇದಾವೆ. ಏನೋ ಅಂತಿದ್ಯಲ್ಲ, ಭಾನುವಾರ ಅಂತ?"

"ಏನಿಲ್ಲ, ಭಾನುವಾರ ನಾವೇ ಬರ್ತೀವಿ" ಎಂದೆ. "ಕಲ್ಲಿನ ಹತ್ತಿರ ಪಾಚಿ ಕೆರೆಸಿ ಸಿಮೆಂಟ್ ಹಾಕಿಸ್ಬೇಕು. ಮೆಟ್ಟಿಲಿಗೆ ಹಿಡ್ಕೊಳಕ್ಕೆ ಕಂಬಿ ಹಾಕಿಸ್ತೀನಿ. ಅಲ್ಲೀವರೆಗೆ ಓಡಿದ್ರೆ ನನ್ನಾಣೆ."

"ಆಣೆ ಗೀಣೆ ಇಡ್ಬೇಡ, ನಾಯಿಗೆ ಅದೆಲ್ಲ ತಿಳಿಯಲ್ಲ" ಎಂದು ಫೋನ್ ಇಟ್ಟರು.

ಕಟ್ಟಿದ ಬಲೆಯನ್ನು ಬಿಚ್ಚಿಸಿದೆ. ಬಂದವರು ನನ್ನ ಮುಖವನ್ನು ವಿಚಿತ್ರವಾಗಿ ನೋಡಿ, ಸುರುಳಿ ಸುತ್ತಿಕೊಟ್ಟು ಹೋದರು. ಅದು ಈಗ ಹೊಸ ಮಂಚದ ಕೆಳಗಿದೆ, ಭಾನುವಾರ ಕಾರಿನಲ್ಲಿ ಒಯ್ಯಬೇಕು. ಇದರ ಕಣ್ಣು ದೊಡ್ಡದಾಯಿತು, ಚಾಲೈಯಲ್ಲಿ ಇದಕ್ಕಿಂತ ಒಳ್ಳೆಯದು ಸಿಗುತ್ತದೆ ಎಂದು ಚೇಚಿ ಮೂಗು ಮುರಿಯುತ್ತಾರೆ, ಮುರಿಯಲಿ. ಬಿದ್ದರೆ ಎಂಬ ಹೆದರಿಕೆ ನನಗಿಲ್ಲವೆಂದಲ್ಲ. ಇದೆ. ಆ ಹಿತ್ತಲಿನಲ್ಲಿ ಹೆದರಿಕೆ ಯಾವತ್ತು ಇರಲಿಲ್ಲ?

ಸಂಜೆ ಯಜಮಾನರು ಪೇಟೆಯಿಂದ ಬಂದು, ಚಪ್ಪಲಿ ಬಿಡುವ ಮೊದಲೇ ಕೋಣೆಗೆ ಇಣುಕಿದರು. ಬರಿದಾದ ಬಾಲ್ಕನಿ ನೋಡಿದರು, ನನ್ನನ್ನು ನೋಡಿದರು.

"ಯಾಕೆ, ಬಲೆ ಕಟ್ಟಿಲ್ವಾ? ಅಮ್ಮಂಗೆ ಹೇಳಿದ್ಯಾ? ಏನಂದ್ರು, ಬರ್ತಾರಂತಾ?"

"ಬರ್ತಾರೆ" ಎಂದೆ. "ಮರಿ ದೊಡ್ಡವಾಗಲಿ."